ಕೂಣಿ ಅಟ್ಟದಿಂದ ಇಳಿಯುವ ಮುಂಚೆ

ಯುಗಾದಿ ಕಳೆದು ಅಂಗಳದ ಅಡಿಕೆ ಒಣಗಿ ಒಳಗೆ ಸೇರಿತು ಅಂದರೆ ನಮ್ಮ ದೊಡ್ಡಪ್ಪ ಸೊರಬದ ಪೇಟೆಗೆ ಹೋಗುವ ದಾರಿ ಬದಲಾಗುತ್ತಿತ್ತು. ನೆಟ್ಟಗೆ ಡಾಂಬರು ರಸ್ತೆ ಇದ್ದರೂ ಸೈಕಲ್ ತಿರುಗಿಸಿಕೊಂಡು ಕೆರೆ ಏರಿಗಳ ಮೇಲೇ ಹೋಗುವನು. ಒಂದೊಂದು ಏರಿಯ ನಡುವೆ ಸೈಕಲ್ ನಿಲ್ಲಿಸುವುದು, ಬೀಡಿ ಹಚ್ಚುವುದು, ತೂಬಿನ ಕಲ್ಲಿನ ಮೇಲೆ ಕೂತು ನೀರು ನೋಡುವುದು. ಸಂಜೆ ಮನೆಗೆ ಬಂದಾಗ ಚೀಲದಲ್ಲಿ ಹೇಳಿ ಕಳಿಸಿದ ಸಾಮಾನು ಅರ್ಧಂಬರ್ಧ. ಕೆರೆಗಳ ಸುದ್ದಿ ಮಾತ್ರ ಒಂದೂ ಬಿಟ್ಟು ಹೋಗಿರುತ್ತಿರಲಿಲ್ಲ. ಯಾವ ಕೆರೆ ಎಷ್ಟು ಇಳಿದಿದೆ, ಎಲ್ಲಿ ತಾವರೆ ಎಲೆ ಕೆಸರಿಗೆ ಅಂಟಿದೆ, ಎಲ್ಲಿ ಎಮ್ಮೆ ಮಲಗುವ ಹೊಂಡ ಬಿಟ್ಟರೆ ಮಿಕ್ಕಿದ್ದೆಲ್ಲ ಬಿರುಕು ಬಿಟ್ಟಿದೆ, ಎಲ್ಲ ವರದಿಯಾಗುತ್ತಿತ್ತು.

"ಮೆಣಸಿನಕಾಯಿ ತನ್ನಿ ಅಂದ್ರೆ ಕೆರೆ ಕಥೆ ತಂದ್ರಾ?" ಎಂದು ದೊಡ್ಡಮ್ಮ ಗೊಣಗುತ್ತಿದ್ದಳು. ಆದರೆ ಮೇ ತಿಂಗಳಲ್ಲಿ ಒಲೆ ಮೇಲೆ ಮೀನು ಸಾರು ಕುದಿಯುವಾಗ ಆ ಗೊಣಗಾಟ ಇರುತ್ತಿರಲಿಲ್ಲ.

ನಮ್ಮ ಸೀಮೆ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಕರ್ನಾಟಕದ ಕೆರೆಗಳನ್ನು ಎಣಿಸಿದವರು 36,000ಕ್ಕೂ ಹೆಚ್ಚು ಎನ್ನುತ್ತಾರೆ. ಅದರಲ್ಲಿ ಸೊರಬ ಒಂದೇ ತಾಲ್ಲೂಕಿನ ಪಾಲು ಸಾವಿರದ ಮೇಲೆ. ಪಕ್ಕದ ಸಾಗರ, ಶಿಕಾರಿಪುರ, ಆ ಕಡೆ ಬನವಾಸಿ, ಹಾನಗಲ್ಲು ಸೇರಿಸಿಕೊಂಡರೆ ಒಂದು ಏರಿಯಿಂದ ಇಳಿಯುವುದರೊಳಗೆ ಇನ್ನೊಂದು ಏರಿ ಎದುರಾಗುವಂಥ ನಾಡು ಇದು. ಪೂರ್ತಿ ಮಲೆನಾಡೂ ಅಲ್ಲ, ಬಯಲೂ ಅಲ್ಲ. ಮಳೆಗಾಲದಲ್ಲಿ ಹುಚ್ಚು ಮಳೆ, ಸಂಕ್ರಾಂತಿ ಕಳೆದರೆ ಬಾವಿಗೆ ಹಗ್ಗ ಉದ್ದ ಮಾಡಬೇಕು. ಹಾಗಾಗಿ ಹಿರಿಯರು ಎರಡು ದಿಣ್ಣೆಗಳ ನಡುವೆ ಸಿಕ್ಕಿದಲ್ಲೆಲ್ಲ ಮಣ್ಣು ಕಟ್ಟಿ ನೀರು ನಿಲ್ಲಿಸಿದರು. ಮೇಲಿನ ಕೆರೆಯ ಕೋಡಿ ಬಿದ್ದ ನೀರು ಕೆಳಗಿನ ಕೆರೆಗೆ, ಅದರ ಕೋಡಿ ಇನ್ನೂ ಕೆಳಗಿನದಕ್ಕೆ, ಕೊನೆಗೆ ದಂಡಾವತಿಗೋ ವರದೆಗೋ. ಇದು ಇವತ್ತು ನಿನ್ನೆಯ ಬುದ್ಧಿಯಲ್ಲ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದ ಮೇಲೆ 5ನೇ ಶತಮಾನದ ಶಾಸನ ಇದೆಯಲ್ಲ, ಕದಂಬರ ಮಯೂರಶರ್ಮನ ಕಥೆ ನಾವು ಓದುವುದು ಅದರಿಂದಲೇ. ಆ ಶಾಸನ ಬರೆಸಿದ ಸಂದರ್ಭ ಏನು ಅಂದರೆ ಕಾಕುಸ್ಥವರ್ಮ ಅಲ್ಲೊಂದು ಕೆರೆ ಕಟ್ಟಿಸಿದ್ದು. ಒಂದು ರಾಜವಂಶದ ಚರಿತ್ರೆ ನಮಗೆ ಉಳಿದು ಬಂದದ್ದು ಕೆರೆಯ ನೆಪದಲ್ಲಿ.

ಇಂಥ ಕಡೆ ಬೇಸಿಗೆಯ ಮೀನು ಬೇಟೆಗೆ ಕೆರೆಬೇಟೆ ಅಂತಲೇ ಹೆಸರು. ಕೆರೆಯ ನೀರು ಮೊಣಕಾಲು, ಹೆಚ್ಚೆಂದರೆ ಸೊಂಟದ ಮಟ್ಟಕ್ಕೆ ಇಳಿದಾಗ ಊರವರು ಒಂದು ದಿನ ಗೊತ್ತು ಮಾಡಿ ಸುತ್ತಲಿನ ಹಳ್ಳಿಗಳಿಗೆಲ್ಲ ಸಾರುತ್ತಾರೆ. ಕೂಣಿ ಹೊತ್ತು ಯಾರು ಬೇಕಾದರೂ ಬರಬಹುದು, ಒಂದು ಕೂಣಿಗೆ ಇಷ್ಟು ಅಂತ ಟಿಕೆಟ್. ಆ ದುಡ್ಡು ದೇವಸ್ಥಾನದ ಮಾಡಿಗೋ ಶಾಲೆಯ ಕಾಂಪೌಂಡಿಗೋ ಹೋಗುತ್ತದೆ. ಕೂಣಿ ಅಂದರೆ ಬಿದಿರ ಸೀಳುಗಳನ್ನು ಸುತ್ತಲೂ ನಿಲ್ಲಿಸಿ ಕಟ್ಟಿದ, ಮೇಲೂ ಕೆಳಗೂ ಬಾಯಿ ತೆರೆದ ಬುಟ್ಟಿ. ಕೆಳಗೆ ಅಗಲ, ಮೇಲೆ ತೋಳು ಇಳಿಯುವಷ್ಟು ಕಿರಿದು. ನೀರಲ್ಲಿ ನಡೆಯುತ್ತ ನಡೆಯುತ್ತ ಅದನ್ನು ಕೆಸರಿಗೆ ಕುಕ್ಕಬೇಕು. ಒಳಗೆ ಮೀನು ಸಿಕ್ಕಿದ್ದರೆ ಬಿದಿರಿಗೆ ಡಬ್ ಡಬ್ ಎಂದು ಬಡಿದುಕೊಳ್ಳುತ್ತದೆ. ಆಗ ಮೇಲಿನ ಬಾಯಿಂದ ಕೈ ಇಳಿಸಿ ಹಿಡಿಯುವುದು. ಬಲೆ ಇಲ್ಲ, ಗಾಳ ಇಲ್ಲ. ನೂರಾರು ಜನ ಒಟ್ಟಿಗೆ ಇಳಿದು ಕೆರೆಯನ್ನು ಕಲಕಿಬಿಡುವುದೇ ಇದರ ಉಪಾಯ. ಕೆಸರು ಎದ್ದರೆ ನೀರಲ್ಲಿ ಉಸಿರು ಕಡಿಮೆಯಾಗುತ್ತದೆ, ತಳ ಹಿಡಿದ ಮೀನೂ ಮೇಲೆ ಬರಲೇಬೇಕು.

ನಾನು ಹೇಳಹೊರಟದ್ದು ಭಾವ ಬಂದಿದ್ದ ವರ್ಷದ ಕಥೆ. 1990ರ ದಶಕದ ಕೊನೆ ಇರಬೇಕು, ಊರಿಗೆ ಆಗಿನ್ನೂ ಮೊಬೈಲು ಬಂದಿರಲಿಲ್ಲ. ದೊಡ್ಡಪ್ಪನ ಮಗಳನ್ನು ಬೆಂಗಳೂರಿಗೆ ಕೊಟ್ಟಿದ್ದರು. ಭಾವ ಕಾರ್ಖಾನೆಯಲ್ಲಿ ಕೆಲಸ, ಬಯಲುಸೀಮೆಯವರು. ಮದುವೆಯ ದಿನದಿಂದ "ಮಾವ, ನನಗೊಂದು ಸಲ ಕೆರೆಬೇಟೆ ತೋರಿಸಿ" ಎಂದು ಕೇಳುತ್ತಲೇ ಇದ್ದರು. ಆ ಬೇಸಿಗೆಯಲ್ಲಿ ರಜೆ ಹಾಕಿಕೊಂಡು ಬಂದೇ ಬಿಟ್ಟರು. ಬರುವಾಗ ರೀಲು ಇರುವ ಹೊಳೆಯುವ ಗಾಳದ ಕೋಲೊಂದನ್ನು ಕವರಿನಲ್ಲಿ ಸುತ್ತಿ ತಂದಿದ್ದರು.

ದೊಡ್ಡಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದು, ರೀಲು ತಿರುಗಿಸಿ ನೋಡಿ, ಗೌರವದಿಂದ ಗೋಡೆಗೆ ಒರಗಿಸಿದ. "ಚೆನ್ನಾಗದೆ ಅಳಿಯಂದ್ರೇ. ಆದ್ರೆ ನಮ್ಮ ಮೀನಿಗೆ ಇದರ ಪರಿಚಯ ಇಲ್ಲ."

ಆಮೇಲೆ ಕ್ಯಾಲೆಂಡರ್ ಇಳಿಸಿದ. ಸೊಸೈಟಿಯವರು ಕೊಟ್ಟ ಗೋಡೆ ಕ್ಯಾಲೆಂಡರಿನಲ್ಲಿ ಮಳೆ ನಕ್ಷತ್ರಗಳು ಇರುತ್ತವಲ್ಲ, ದೊಡ್ಡಪ್ಪನ ಯೋಜನೆ ಶುರುವಾಗುವುದು ಅಲ್ಲಿಂದ. ಮೇ 11ರ ಹೊತ್ತಿಗೆ ಭರಣಿ ಮುಗಿದು ಕೃತ್ತಿಕಾ ಹತ್ತುತ್ತದೆ, 25ರ ಹೊತ್ತಿಗೆ ರೋಹಿಣಿ, ಜೂನ್ ಮೊದಲ ವಾರ ಕಳೆದರೆ ಮೃಗಶಿರಾ. ಭರಣಿಯಲ್ಲಿ ನೀರು ಇನ್ನೂ ಹೆಚ್ಚು, ರೋಹಿಣಿಯಲ್ಲಿ ಮಳೆಯ ಭಯ. ಬೇಟೆಗೆ ನಿಜವಾಗಿ ಸಿಗುವುದು ಇವೆರಡರ ನಡುವಿನ ಸಣ್ಣ ಸಂದು. ಅದರಲ್ಲಿ ಸೋಮವಾರ ಬರುವಂತಿಲ್ಲ, ಅಮಾವಾಸ್ಯೆ ಬರುವಂತಿಲ್ಲ, ಆ ಊರಿನ ಮಾರಿಹಬ್ಬ ಬರುವಂತಿಲ್ಲ, ದೊಡ್ಡ ಮನೆತನದ ಮದುವೆ ಬರುವಂತಿಲ್ಲ. ಇಷ್ಟು ಕಳೆದು ಉಳಿದ ದಿನಗಳಿಗೆ ಸುತ್ತಲಿನ ಹತ್ತೂರಿನವರೂ ಕಣ್ಣು ಹಾಕಿರುತ್ತಾರೆ. ಎಲ್ಲಿ ಯಾವತ್ತು ಅಂತ ಗೊತ್ತಾಗುವುದು ಬಸ್ ಸ್ಟ್ಯಾಂಡಿನ ಕಂಬಕ್ಕೆ ಅಂಟಿಸಿದ ಕೈಬರಹದ ಚೀಟಿಯಿಂದ, ಕಂಡಕ್ಟರ ಬಾಯಿಂದ, ಚಹಾ ಅಂಗಡಿಯಿಂದ.

ಆ ವರ್ಷ ಎರಡು ಕೆರೆಗಳ ಸುದ್ದಿ ಒಂದೇ ದಿನಕ್ಕೆ ಬಿತ್ತು. ಒಂದು ದೊಡ್ಡ ಕೆರೆ, ಹೆಸರುವಾಸಿ. ನಮ್ಮೂರಿನಿಂದ ಟ್ರ್ಯಾಕ್ಟರಿನಲ್ಲಿ ಒಂದು ಗಂಟೆಯ ದಾರಿ, ನೋಡಿದರೆ ಆ ದಡ ಕಾಣದು. ಇನ್ನೊಂದು ಕಾಡಿನ ಅಂಚಿನ ಸಣ್ಣ ಕೆರೆ, ಅದರ ಹೆಸರು ಹೇಳಿದರೆ ಪಕ್ಕದ ತಾಲ್ಲೂಕಿನವರು "ಎಲ್ಲಿ ಬರ್ತದೆ ಅದು?" ಎನ್ನಬೇಕು. ಕೇರಿಯ ಹುಡುಗರೆಲ್ಲ ಒಕ್ಕೊರಲಲ್ಲಿ ದೊಡ್ಡ ಕೆರೆ ಎಂದರು. ಭಾವನಿಗೂ ಅದೇ ಆಸೆ, ದೂರದಿಂದ ಬಂದವರು, ದೊಡ್ಡದೇ ನೋಡಬೇಕಲ್ಲ. ಟ್ರ್ಯಾಕ್ಟರಿಗೆ ಬಾಡಿಗೆ ಕೂಡ ಮಾತಾಗಿ ಹೋಯಿತು.

ದೊಡ್ಡಪ್ಪ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಮಾರನೇ ದಿನ ಬೆಳಿಗ್ಗೆ ನನ್ನನ್ನು ಸೈಕಲ್ ಹಿಂದೆ ಕೂರಿಸಿಕೊಂಡು ದೊಡ್ಡ ಕೆರೆಯ ಊರಿಗೆ ಹೊರಟ. ಭಾವ ಬಾಡಿಗೆ ಸೈಕಲ್ ಹಿಡಿದು ಹಿಂದೆ ಬಂದರು.

ಅಲ್ಲಿ ಹೋಗಿ ದೊಡ್ಡಪ್ಪ ಕೆರೆಯ ಕಡೆ ತಲೆಯೂ ಹಾಕಲಿಲ್ಲ. ಏರಿಯ ಕೆಳಗಿನ ಚಹಾ ಅಂಗಡಿಯಲ್ಲಿ ಕೂತ. ಚಹಾ ಬಂತು, ಅಡಿಕೆ ರೇಟಿನ ಮಾತಾಯಿತು, ಯಾರದೋ ಮಗಳ ಬಾಣಂತನದ ಮಾತಾಯಿತು. ಎರಡನೇ ಚಹಾ ಹೇಳಿದ ಮೇಲೆ ಕೇಳಿದ: "ಶಿವರಾತ್ರಿ ಹೊತ್ತಿಗೆ ಈ ಕಡೆ ಐಸ್ ಲಾರಿ ಬಂದಿತ್ತೇನು?"

ಅಂಗಡಿಯವ ಸ್ವಲ್ಪ ತಡೆದು, "ಬಂದಿತ್ತಪ್ಪ. ಮೂರ್ನಾಲ್ಕು ದಿನ ಇಲ್ಲೇ ಇತ್ತು" ಎಂದ.

ದೊಡ್ಡಪ್ಪ ಚಹಾ ಕುಡಿದು ಎದ್ದ. ಆಮೇಲೆ ಏರಿ ಹತ್ತಿ ನಮ್ಮಿಬ್ಬರಿಗೂ ಕೆರೆ ತೋರಿಸಿದ. ನೀರು ಇನ್ನೂ ಚೆನ್ನಾಗಿಯೇ ಇತ್ತು. "ಹಕ್ಕಿ ಎಲ್ಲದಾವೆ ನೋಡು" ಎಂದ. ದಡದಲ್ಲಿ ಒಂದೆರಡು ಬೆಳ್ಳಕ್ಕಿ, ಅವು ಕಪ್ಪೆಗೆ ಬಂದವು. ಒಣಮರದ ಮೇಲೆ ರೆಕ್ಕೆ ಹರಡಿ ಕೂರುವ ನೀರುಕಾಗೆ ಒಂದೂ ಇಲ್ಲ. "ನೀರುಕಾಗೆನೇ ಬಿಟ್ಟು ಹೋದ ಕೆರೆಯಾಗೆ ನಾವೇನು ಹುಡುಕಾದು?"

ಭಾವನಿಗೆ ಅರ್ಥವಾಗಲಿಲ್ಲ. ವಾಪಸ್ ಬರುವ ದಾರಿಯಲ್ಲಿ ದೊಡ್ಡಪ್ಪ ಬಿಡಿಸಿ ಹೇಳಿದ. ದೊಡ್ಡ ಕೆರೆಗಳ ಮೀನಿನ ಹಕ್ಕನ್ನು ಇಲಾಖೆ ಗುತ್ತಿಗೆಗೆ ಕೊಡುತ್ತದೆ. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಕಡಿಮೆ ಇರುವ ಸಣ್ಣ ಕೆರೆಗಳು ಪಂಚಾಯಿತಿ ಲೆಕ್ಕಕ್ಕೆ. ಗುತ್ತಿಗೆ ಹಿಡಿದವನು ಕಾಟ್ಲಾ, ರೋಹು ಮರಿ ಬಿಟ್ಟಿರುತ್ತಾನೆ, ಅವಧಿ ಮುಗಿಯುವ ಮುಂಚೆ ಬಲೆ ಎಳೆಸಿ ಮಾರಿಕೊಳ್ಳುತ್ತಾನೆ, ಅದು ಅವನ ನ್ಯಾಯ. ಐಸ್ ಲಾರಿ ಬಂದು ನಿಲ್ಲುವುದು ಅದಕ್ಕೇ. ಬಲೆ ಎಳೆದ ಮೇಲೆ ಉಳಿಯುವುದು ಬಲೆಯ ಕಣ್ಣಿಗೆ ಸಿಗದ ಪುಡಿ ಮೀನು, ಜಿಲೇಬಿ. ಆ ಜಿಲೇಬಿ ನಮ್ಮದಲ್ಲ, 1952ರಲ್ಲಿ ಹೊರದೇಶದಿಂದ ತಂದು ಬಿಟ್ಟದ್ದು. ಎಲ್ಲಿ ಬಿಟ್ಟರೂ ಮರಿ ಹಾಕಿ ಹಾಕಿ ತುಂಬಿಕೊಳ್ಳುತ್ತದೆ, ದೊಡ್ಡದಾಗುವುದೇ ಇಲ್ಲ.

"ಹಾಗಾದ್ರೆ ಕಾಟ್ಲಾ, ರೋಹು ಇನ್ನೊಂದು ವರ್ಷಕ್ಕೆ ಮರಿ ಹಾಕಲ್ವಾ ಮಾವ?" ಭಾವನ ಪ್ರಶ್ನೆ.

ಹಾಕುವುದಿಲ್ಲ. ಅವು ಹೊಳೆಯ ಮೀನುಗಳು, ಹರಿಯುವ ನೀರಿನಲ್ಲಿ ಮಾತ್ರ ಮೊಟ್ಟೆ ಬಿಡುತ್ತವೆ, ನಿಂತ ಕೆರೆಯಲ್ಲಿ ಎಷ್ಟು ವರ್ಷ ಇದ್ದರೂ ಬರೀ ಬೆಳೆಯುತ್ತವೆ. ಹಿಂದೆ ಮಳೆಗಾಲದಲ್ಲಿ ಹೊಳೆಯಿಂದಲೇ ಮರಿ ಹಿಡಿದು ತರಬೇಕಿತ್ತು. 1957ರಲ್ಲಿ ಹೀರಾಲಾಲ್ ಚೌಧರಿ ಎಂಬ ವಿಜ್ಞಾನಿ ಮೀನಿನ ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಗೆಂಡೆ ಮೀನುಗಳು ಹೊಂಡದಲ್ಲೇ ಮೊಟ್ಟೆ ಬಿಡುವಂತೆ ಮಾಡಿದರು. ಈಗ ನಮ್ಮ ಊರುಗಳಿಗೆ ಪ್ಲಾಸ್ಟಿಕ್ ಚೀಲದಲ್ಲಿ ಆಮ್ಲಜನಕ ತುಂಬಿ ಬರುವ ಮರಿಗಳೆಲ್ಲ ಆ ವಿದ್ಯೆಯಿಂದ ಬಂದವು. ಇದು ನಾನು ಆಮೇಲೆ ಓದಿ ತಿಳಿದದ್ದು. ದೊಡ್ಡಪ್ಪನಿಗೆ ಚೌಧರಿ ಗೊತ್ತಿರಲಿಲ್ಲ, ಆದರೆ ಯಾವ ಕೆರೆಗೆ ಯಾವ ಮಳೆಗಾಲದಲ್ಲಿ ಎಷ್ಟು ಚೀಲ ಇಳಿಯಿತು ಅನ್ನುವುದು ಬಾಯಿಪಾಠ. ಚೀಲ ಇಳಿಯದ ಕೆರೆಯಲ್ಲಿ ಕಾಟ್ಲಾ ಕೇಳಬಾರದು, ಇಷ್ಟೇ ಅವನ ಶಾಸ್ತ್ರ.

ಕಾಡಂಚಿನ ಸಣ್ಣ ಕೆರೆಗೆ ಹಿಂದಿನ ಹಿಂದಿನ ಮಳೆಗಾಲದಲ್ಲಿ ಮರಿ ಬಿಟ್ಟಿದ್ದರು. ಹೋದ ವರ್ಷ ಬೇಟೆ ಸಾರಿ, ಚಪ್ಪರವನ್ನೂ ಹಾಕಿ, ಮೂರು ದಿನ ಅಡ್ಡಮಳೆ ಹೊಡೆದು ಕೆರೆ ತುಂಬಿ ನಿಂತುಹೋಗಿತ್ತು. ಆ ಊರವರು ಬಲೆಯವರನ್ನು ಹತ್ತಿರ ಸೇರಿಸುವುದಿಲ್ಲ, ಕೂಣಿ ಬಿಟ್ಟು ಬೇರೆ ಯಾವುದೂ ಕೆರೆಗೆ ಇಳಿಯಬಾರದು ಅಂತ ಚೌಡಿಯ ಮುಂದೆ ಮಾತು. ಅಂದರೆ ಅಲ್ಲಿರುವುದು ಎರಡು ವರ್ಷ ಮೇದ ಮೀನು. ಮೇವು ಇರುವ ಕೆರೆಯಲ್ಲಿ ಕಾಟ್ಲಾ ಒಂದೇ ವರ್ಷಕ್ಕೆ ಒಂದು ಕಿಲೋ ದಾಟುತ್ತದೆ. ಉಳಿದ ಲೆಕ್ಕ ನೀವೇ ಹಾಕಿಕೊಳ್ಳಿ.

ಕೇರಿಯ ಹುಡುಗರಿಗೂ ಇದನ್ನೆಲ್ಲ ಹೇಳಿದ. ಅವರು ಕೇಳಲಿಲ್ಲ. ಟ್ರ್ಯಾಕ್ಟರು ಮಾತಾಗಿದೆ, ಜನ ಸೇರುತ್ತಾರೆ, ದೊಡ್ಡ ಕೆರೆ ಅಂದರೆ ದೊಡ್ಡ ಕೆರೆಯೇ. ಮುದುಕನಿಗೆ ದೂರ ಹೋಗಲಾಗದೆ ಹೀಗೆ ಹೇಳುತ್ತಾನೆ ಎಂದೂ ಯಾರೋ ಅಂದರು. ದೊಡ್ಡಪ್ಪ ವಾದ ಮಾಡುವವನಲ್ಲ. ಮನೆಗೆ ಬಂದು ಅಟ್ಟ ಹತ್ತಿದ.

ಕೂಣಿಗಳು ಹೊಗೆ ಹಿಡಿದು ಕಪ್ಪಗೆ ಮಿರುಗುತ್ತಿದ್ದವು. ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಹುಳ ಹೊಡೆಯುವುದಿಲ್ಲ. ಹಳೆಯ ಕಟ್ಟು ಸಡಿಲವಾಗಿದ್ದನ್ನು ಬಿಚ್ಚಿ ಹೊಸ ಹುರಿ ಸುತ್ತಿದೆವು. ಭಾವನಿಗೆ ಅಂತ ಹೊಸದೊಂದು ಬೇಕಾಯಿತು. ಬಲಿತ ಬಿದಿರು ಕಡಿದು, ಒಂದೆರಡು ದಿನ ನೆರಳಲ್ಲಿ ಬಿಟ್ಟು, ಬೆರಳಗಲಕ್ಕೆ ಸೀಳಿ, ಕತ್ತಿಯಿಂದ ಹೆರೆದು ನುಣುಪು ಮಾಡುವುದು. ಗಂಟಿನ ಕಡೆ ಮುಳ್ಳು ಉಳಿದರೆ ಕೈ ಇಳಿಸುವಾಗ ಮೀನಿಗಿಂತ ಮುಂಚೆ ಬಿದಿರೇ ಕಚ್ಚುತ್ತದೆ. ಕೆಳಗಿನ ತುದಿಗಳನ್ನು ಚೂಪು ಮಾಡಬೇಕು, ಇಲ್ಲವಾದರೆ ಕೆಸರಿಗೆ ಕಂತದೆ ಮೀನು ಅಡಿಯಿಂದಲೇ ನುಸುಳುತ್ತದೆ. ಎತ್ತರ ಹಿಡಿಯುವವನ ಮೈಕಟ್ಟಿಗೆ ಹೊಂದಬೇಕು. ಭಾವ ಎತ್ತರದವರು, ಗಿಡ್ಡ ಕೂಣಿ ಕೊಟ್ಟರೆ ಹೊತ್ತೇರುವುದರೊಳಗೆ ಸೊಂಟ ಹಿಡಿದು ಕೂರಬೇಕಾಗುತ್ತಿತ್ತು. ದೊಡ್ಡಪ್ಪ ಅವರನ್ನು ಅಂಗಳದಲ್ಲಿ ನಿಲ್ಲಿಸಿ, ಬಗ್ಗಿಸಿ, ನಡೆಸಿ, ದರ್ಜಿಯ ಹಾಗೆ ಅಳತೆ ತೆಗೆದ. ಆಮೇಲೆ ಒಣನೆಲದ ಮೇಲೆಯೇ ಅಭ್ಯಾಸ. ಬಾಳೆದಿಂಡಿನ ತುಂಡೊಂದನ್ನು ಎಸೆಯುವುದು, ಭಾವ ಓಡಿ ಕೂಣಿ ಕುಕ್ಕುವುದು. ದೊಡ್ಡಮ್ಮ ಸೆರಗು ಬಾಯಿಗಿಟ್ಟು ಒಳಗೆ ಹೋಗಿಬಿಟ್ಟಳು.

ಬೇಟೆಯ ಹಿಂದಿನ ಸಂಜೆ ಗುಡುಗಿತು. ರಾತ್ರಿ ಊಟದ ಹೊತ್ತಿಗೆ ಆಲಿಕಲ್ಲು ಸಮೇತ ಕೃತ್ತಿಕಾ ಮಳೆ ಹೊಯ್ಯಿತು. ಹೆಂಚಿನ ಮೇಲೆ ಬೀಳುವ ಸದ್ದಿಗೆ ಮಾತೇ ಕೇಳದು. ಭಾವ ಮುಖ ಸಪ್ಪೆ ಮಾಡಿ, "ಮುಗೀತು ಬಿಡಿ ಮಾವ, ಹೋದ ವರ್ಷದ ಕಥೆನೇ ಆಯ್ತು" ಎಂದರು.

ದೊಡ್ಡಪ್ಪ ಒಲೆ ಮುಂದೆ ಕೂತು ಕೊರಡು ಮುಂದಕ್ಕೆ ತಳ್ಳುತ್ತ ಮಳೆಯನ್ನು ಕೇಳಿಸಿಕೊಳ್ಳುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ, "ಪಡುವಣದ ಮಳೆ ಅಲ್ಲ ಇದು, ಬೀಸಿ ಹೋಗಾದು" ಎಂದ. ಆಮೇಲೆ ಅಂದದ್ದು ನನಗೆ ಇವತ್ತಿಗೂ ನೆನಪಿದೆ, ಏಕೆಂದರೆ ಆ ಲೆಕ್ಕ ಸರಿಯಾಗಿತ್ತು. ಹೋದ ವರ್ಷ ಮೂರು ದಿನದ ಮಳೆಗೆ ಮೇಲಿನ ಗುಡ್ಡದ ನೀರೆಲ್ಲ ಹಳ್ಳವಾಗಿ ಬಂದು ತುಂಬಿತ್ತು. ಈ ಸಲ ನೆಲ ಒಣಗಿ ಬಾಯಿ ಬಿಟ್ಟಿದೆ, ಕಾಡಿನ ತರಗೆಲೆಯೇ ಅರ್ಧ ನೀರು ಕುಡಿಯುತ್ತದೆ. ಬೇಸಿಗೆಯಲ್ಲಿ ಮೇಲಿನ ಯಾವ ಕೆರೆಯೂ ಕೋಡಿ ಬೀಳುವುದಿಲ್ಲ, ಆದ್ದರಿಂದ ಪ್ರತಿ ಕೆರೆಗೂ ತನ್ನ ಸುತ್ತಲಿನ ನೀರು ಮಾತ್ರ. ಒಂದು ಗೇಣು ಏರೀತು, ಹೆಚ್ಚಲ್ಲ. ತೂಬು ಬಿಟ್ಟರೆ ಬೆಳಗಿನೊಳಗೆ ಅದೂ ಇಳಿದೀತು.

ಕತ್ತಲಿರುವಾಗಲೇ ಹೊರಟೆವು. ಕಾಡಂಚಿನ ಕೆರೆಗೆ ಬಂದಾಗ ತೂಬಿನ ಬಾಯಲ್ಲಿ ನೀರು ಭೋರ್ಗರೆಯುತ್ತಿತ್ತು, ಊರವರು ರಾತ್ರಿಯಿಡೀ ಲಾಟೀನು ಹಿಡಿದು ಕಾದಿದ್ದರು. ಮಳೆಗೆ ಹೆದರಿ ಬಹಳ ಜನ ಬಂದಿರಲಿಲ್ಲ. ಕೂಣಿಗೆ ಐವತ್ತು ರೂಪಾಯಿ ಕೊಟ್ಟು ಚೀಟಿ ತೆಗೆದುಕೊಂಡೆವು. ಚೌಡಿಗೆ ಕಾಯಿ ಒಡೆದಾಯಿತು. ಏರಿಯ ಉದ್ದಕ್ಕೂ ಜನ ಕೂಣಿ ಹೆಗಲ ಮೇಲಿಟ್ಟು ಒಂದು ಕಾಲು ಮುಂದಿಟ್ಟು ನಿಂತಿದ್ದರು. ಯಾರೂ ಮಾತಾಡುತ್ತಿಲ್ಲ. ಗರ್ನಾಲು ಹೊಡೆಯಿತು.

ಆಮೇಲೆ ಆದದ್ದನ್ನು ಹೇಳುವುದು ಕಷ್ಟ. ಇನ್ನೂರು ಮುನ್ನೂರು ಜನ ಕೂಗುತ್ತ ಒಂದೇ ಸಲ ನೀರಿಗೆ ಬಿದ್ದರೆ ಅದಕ್ಕೆ ಬೇರೆಯದೇ ಸದ್ದು. ಎಲ್ಲರೂ ನಡು ಕೆರೆಗೆ ಓಡಿದರು, ಭಾವನೂ ಓಡಿದರು. ದೊಡ್ಡಪ್ಪ ನನ್ನ ತೋಳು ಹಿಡಿದು ಬದಿಗೆ ಎಳೆದ, ಎಮ್ಮೆಗಳು ಮಲಗಿ ಮಲಗಿ ಹೊಂಡ ಮಾಡಿದ್ದ ಜಾಗಕ್ಕೆ. ಕುಕ್ಕುವುದೂ ಇಲ್ಲ ಏನೂ ಇಲ್ಲ, ಸುಮ್ಮನೆ ನಿಂತುಕೊಂಡ. ನಡುವಿನಲ್ಲಿ ಕೆಸರು ಏಳುತ್ತ ಏಳುತ್ತ ಆ ಕೆಂಪು ನೀರು ನಮ್ಮ ಕಡೆ ಹರಡಿತು. ಅದರ ಮುಂದೆ ಮುಂದೆ ಮೀನು. ಮೇಲೆ ತುಟಿ ಎತ್ತಿ ಗಾಳಿ ಕಚ್ಚುವ ಕಾಟ್ಲಾ, ಅಡ್ಡಾದಿಡ್ಡಿ ಹೊರಳುವ ಗೌರಿ. "ಈಗ" ಎಂದ. ಕೂಣಿ ಕುಕ್ಕಿದ ಕೂಡಲೇ ಬಿದಿರು ನಡುಗಿತು.

ಕೊರವ, ಮುರುಗೋಡು ಮಾತ್ರ ಹೀಗೆ ಸಿಗುವವಲ್ಲ. ಅವಕ್ಕೆ ಕೆಸರಿನ ಹೆದರಿಕೆ ಇಲ್ಲ. ಕಿವಿರಿನ ಜೊತೆಗೆ ಗಾಳಿಯನ್ನೇ ನೇರ ಉಸಿರಾಡುವ ಅಂಗ ಅವುಗಳಿಗೆ ಬೇರೆ ಇದೆ. ಮುರುಗೋಡಿನ ತಲೆ ಬಿಡಿಸಿದರೆ ಅಲ್ಲಿ ಪುಟ್ಟ ಮರದ ಕೊಂಬೆಯಂಥದ್ದು ಕಾಣುತ್ತದೆ. ಕೆರೆ ಬತ್ತಿದರೂ ತೇವದ ಕೆಸರಲ್ಲಿ ಹೂತು ಮಳೆಗೆ ಕಾಯುವ ಜಾತಿ. ಅವನ್ನು ಹುಡುಕಲು ಕಾಲಿನ ಬೆರಳು ಬೇಕು, ಕೆಸರಲ್ಲಿ ಜಾರುವ ಗಟ್ಟಿ ಏನೋ ತಾಗಿದರೆ ಕಾಲು ಎತ್ತದೆ ಅಲ್ಲೇ ಕೂಣಿ ಇಡುವುದು. ದೊಡ್ಡಪ್ಪನ ಚೀಲದಲ್ಲಿ ಕೊನೆಗೆ ತೂಕ ಇದ್ದದ್ದು ಮುರುಗೋಡಿನದೇ.

ಭಾವ ಒಂದು ಒಳ್ಳೆಯ ಗೌರಿ ಹಿಡಿದು ಎತ್ತಿ ಕೂಗಿದ್ದನ್ನು ಇಡೀ ಕೆರೆ ತಿರುಗಿ ನೋಡಿತು. ಅದರ ಬೆನ್ನಿಗೇ ಇನ್ನೊಂದು ಕೂಗು, ಅದು ಬೇರೆ ಥರದ್ದು. ಮುರುಗೋಡು ಅಂದುಕೊಂಡು ಚೇಳು ಮೀನಿಗೆ ಕೈ ಹಾಕಿದ್ದರು. ಹೆಸರೇ ಹೇಳುತ್ತದಲ್ಲ, ಅದರ ಪಕ್ಕದ ಮುಳ್ಳಿನಲ್ಲಿ ವಿಷ ಇದೆ. ತೋಳಿನವರೆಗೂ ಉರಿ ಹತ್ತಿ ಮುಖ ಬೆಳ್ಳಗಾಯಿತು. ದಡದ ಚಹಾ ಅಂಗಡಿಯ ಅಜ್ಜಿಗೆ ಇದು ಪ್ರತಿ ವರ್ಷದ ಪಾಡು. ಕೇಳುವ ಮುಂಚೆಯೇ ಬಿಸಿನೀರು ಪಾತ್ರೆಗೆ ಬಗ್ಗಿಸಿ, ಬೆರಳು ತಡೆಯುವಷ್ಟು ಹದ ಮಾಡಿ, ಭಾವನ ಕೈ ಅದರಲ್ಲಿ ಅದ್ದಿಸಿದಳು. ಆ ಜಾತಿಯ ವಿಷದ ನೋವು ಬಿಸಿಗೆ ತಗ್ಗುತ್ತದೆ. "ಸುಮ್ಕೆ ಕೂರಿ ಸ್ವಾಮೀ, ಚಾ ಕುಡೀರಿ" ಎಂದಳು. ಒಂದು ಗಂಟೆಯ ಮೇಲೆ ಭಾವ ಮತ್ತೆ ನೀರಿಗೆ ಇಳಿದರು. ಆವತ್ತಿನಿಂದ ಊರಿನವರು ಅವರನ್ನು ಬೆಂಗಳೂರಿನವರು ಅನ್ನುವುದು ಬಿಟ್ಟರು ಎಂದು ನನ್ನ ಅನಿಸಿಕೆ.

ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿದಿತ್ತು. ಮನೆಯಲ್ಲಿ ಮುರುಗೋಡನ್ನು ಬೂದಿ ಹಾಕಿ ತಿಕ್ಕಿ ಲೋಳೆ ತೆಗೆದು, ವಾಟೆಹುಳಿ ಹಾಕಿ ದೊಡ್ಡಮ್ಮ ಸಾರು ಮಾಡಿದಳು, ಜೊತೆಗೆ ಅಕ್ಕಿರೊಟ್ಟಿ. ಆ ರುಚಿಯನ್ನು ಬರೆಯಲು ಹೋಗುವುದಿಲ್ಲ.

ದೊಡ್ಡ ಕೆರೆಗೆ ಹೋದ ಟ್ರ್ಯಾಕ್ಟರು ಕತ್ತಲಾದ ಮೇಲೆ ಬಂತು. ಹೋಗುವಾಗ ಹಾಡು, ಸಿಳ್ಳೆ ಇತ್ತಂತೆ, ಬರುವಾಗ ಎಂಜಿನ್ನಿನ ಸದ್ದು ಮಾತ್ರ. ಸಾವಿರಗಟ್ಟಲೆ ಜನ ಸೇರಿದ್ದರು, ಸಾವಿರಗಟ್ಟಲೆ ಚೀಟಿ ಮಾರಾಟವಾಗಿತ್ತು, ಸಿಕ್ಕಿದ್ದು ಅಂಗೈಯಗಲದ ಜಿಲೇಬಿ. ದುಡ್ಡು ವಾಪಸ್ ಕೊಡಿ ಅಂತ ಚಪ್ಪರ ಕಿತ್ತು ಗಲಾಟೆ ಮಾಡಿದರಂತೆ. ದೊಡ್ಡಪ್ಪ "ನಾನು ಹೇಳಿರಲಿಲ್ಲವಾ" ಎನ್ನಲಿಲ್ಲ. ನನ್ನ ಕೈಯಲ್ಲಿ ಆ ಮನೆಗಳಿಗೆಲ್ಲ ಒಂದೊಂದು ಮೀನು ಕಳಿಸಿದ. ಕೂಣಿ ಹಿಡಿದ ಮನೆಯಲ್ಲಿ ಬೇಟೆಯ ದಿನ ಸಾರಿಲ್ಲದೆ ಮಲಗಬಾರದು ಅನ್ನುವುದು ನಮ್ಮ ಕಡೆಯ ರೂಢಿ. ಮುಂದಿನ ವರ್ಷದಿಂದ ಹುಡುಗರು ಟ್ರ್ಯಾಕ್ಟರು ಮಾತಾಡುವ ಮುಂಚೆ ನಮ್ಮ ಜಗಲಿಗೆ ಬರತೊಡಗಿದರು.

ಈಗ ಕೆರೆಬೇಟೆ ಪೇಟೆಯವರಿಗೂ ಗೊತ್ತಾಗಿದೆ, 2024ರಲ್ಲಿ ಅದೇ ಹೆಸರಿನ ಸಿನಿಮಾ ಬಂದ ಮೇಲಂತೂ ಇನ್ನಷ್ಟು. ಚೀಟಿಯ ಬೆಲೆ ನೂರುಗಳಲ್ಲಿದೆ, ಸುದ್ದಿ ವಾಟ್ಸಾಪಿನಲ್ಲಿ ಬರುತ್ತದೆ. ಸೊಂಟಕ್ಕೆ ಮೊಬೈಲು ಕಟ್ಟಿಕೊಂಡು ನೀರಿಗೆ ಇಳಿಯುವವರಿದ್ದಾರೆ. ಆದರೂ ಪ್ರತಿ ಬೇಸಿಗೆ ಪತ್ರಿಕೆಯಲ್ಲಿ ಎಲ್ಲೋ ಒಂದು ಕಡೆ ಮೀನು ಸಿಗದೆ ಗಲಾಟೆ ಆದ ಸುದ್ದಿ ಇದ್ದೇ ಇರುತ್ತದೆ. ಸುದ್ದಿ ಬೇಗ ಹರಡಿದರೆ ಜನ ಹೆಚ್ಚು ಸೇರುತ್ತಾರೆ, ಕೆರೆಯಲ್ಲಿ ಇಲ್ಲದ ಮೀನು ಬರುವುದಿಲ್ಲ. ಐಸ್ ಲಾರಿ ಬಂದಿತ್ತೇ ಎಂದು ಚಹಾ ಅಂಗಡಿಯಲ್ಲಿ ಕೇಳುವವರು ಕಡಿಮೆಯಾಗಿದ್ದಾರೆ. ಇನ್ನೊಂದು ಸಂಗತಿಯನ್ನೂ ನೋಡಿದ್ದೇನೆ. ಊರವರೇ ಬೇಟೆ ನಡೆಸುವ ಕೆರೆಯಲ್ಲಿ, ನೀರು ಖಾಲಿಯಾದ ಆ ಎರಡು ವಾರಗಳಲ್ಲಿ ಎತ್ತಿನಗಾಡಿ, ಟ್ರ್ಯಾಕ್ಟರುಗಳು ಇಳಿದು ಗೋಡು ಮಣ್ಣು ತೋಟಕ್ಕೆ ಹೋಗುತ್ತದೆ, ಕೆರೆಯ ಹೂಳೂ ತೆಗೆದಂತಾಗುತ್ತದೆ. ಗುತ್ತಿಗೆಯವನಿಗೆ ಹೂಳಿನ ಉಸಾಬರಿ ಇಲ್ಲ.

ದೊಡ್ಡಪ್ಪನ ಕ್ಯಾಲೆಂಡರಿನಲ್ಲಿ ಮೃಗಶಿರಾ ಹತ್ತಿದ ದಿನಕ್ಕೆ ಒಂದು ಅಡ್ಡಗೆರೆ ಇರುತ್ತಿತ್ತು. ಅಲ್ಲಿಗೆ ಕೂಣಿ ಮತ್ತೆ ಅಟ್ಟಕ್ಕೆ. ಮೊದಲ ದೊಡ್ಡ ಮಳೆಗೆ ಹಳ್ಳಗಳು ಕೆಂಪಗೆ ಹರಿಯುತ್ತವಲ್ಲ, ಆಗ ಹೊಳೆಯಿಂದ, ಕೆರೆಯಿಂದ ಮೀನು ಮೇಲೇರಿ ಗದ್ದೆಗೆ ಬರುತ್ತದೆ, ಹತ್ತುಮೀನು. ರಾತ್ರಿ ಟಾರ್ಚು ಹಿಡಿದು ಕತ್ತಿಯಲ್ಲಿ ಕಡಿಯುವುದು ಸುಲಭ, ಮೊಣಕಾಲುದ್ದದ ನೀರಿನಲ್ಲಿ ಅವಕ್ಕೆ ಓಡಲು ಜಾಗವಿಲ್ಲ. ದೊಡ್ಡಪ್ಪ ಅದಕ್ಕೆ ಹೋದವನಲ್ಲ, ನಮ್ಮನ್ನು ಕಳಿಸಿದವನೂ ಅಲ್ಲ. ಹತ್ತಿ ಬರುವ ಹೆಣ್ಣು ಮೀನುಗಳ ಹೊಟ್ಟೆಯಲ್ಲಿ ಮೊಟ್ಟೆ ಇರುತ್ತದೆ. ಮುರುಗೋಡು, ಕೊರವಕ್ಕೆ ಚೀಲದಲ್ಲಿ ಮರಿ ತಂದು ಬಿಡುವವರು ನಮ್ಮ ಊರುಗಳಲ್ಲಿ ಇಲ್ಲ, ಅವುಗಳ ಸಂತಾನ ಹೆಚ್ಚಾಗಿ ಆ ಮಳೆಗಾಲದಲ್ಲೇ ಆಗಬೇಕು. ಬರುವ ಬೇಸಿಗೆಗೆ ಕೆರೆಬೇಟೆಗೆ ಬರುವ ಆಸೆ ಇದ್ದರೆ ಖಂಡಿತ ಬನ್ನಿ, ಚೀಟಿ ಕೊಳ್ಳುವ ಮುಂಚೆ ಮರಿ ಯಾವಾಗ ಬಿಟ್ಟರು, ಬಲೆ ಎಳೆದರೇ ಎಂದು ಕೇಳಿ. ಈ ಮಳೆಗಾಲದ ಮೊದಲ ವಾರಗಳಲ್ಲಿ ಮಾತ್ರ ಹತ್ತುಮೀನು ಕಡಿಯಲು ಹೋಗಬೇಡಿ, ಮಕ್ಕಳನ್ನೂ ಕಳಿಸಬೇಡಿ.